ಹೊತ್ತು ಹೋಗಲ್ಲ, ವರ್ಷ ನಿಲ್ಲಲ್ಲ: ಬೇಸರ, ಆಸಕ್ತಿ ಮತ್ತು ಸಮಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯಲ್ಲಿ ನಾವು ಕನ್ನಡದವರು ನಾಲ್ಕು ಜನ ಸೇರಿದರೆ ಎರಡು ಮಾತು ಬಂದೇ ಬರುತ್ತದೆ. ದುಡಿಯುವವರು "ವರ್ಷ ಹೇಗೆ ಹೋಯ್ತೋ ಗೊತ್ತಾಗಲಿಲ್ಲ" ಅನ್ನುತ್ತಾರೆ. ಊರಿಂದ ಬಂದು ಮಕ್ಕಳ ಮನೆಯಲ್ಲಿರುವ ಹಿರಿಯರು "ಹೊತ್ತೇ ಹೋಗುವುದಿಲ್ಲ ಮಾರಾಯ" ಅನ್ನುತ್ತಾರೆ. ಎರಡೂ ನಿಜ. ಎಷ್ಟೋ ಸಲ ಎರಡನ್ನೂ ಒಬ್ಬರೇ ಹೇಳುತ್ತಾರೆ. ಅದು ಹೇಗೆ ಸಾಧ್ಯ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳಿದ್ದೇನೆ.

ಗಡಿಯಾರ ಎಲ್ಲರಿಗೂ ಒಂದೇ. ಒಬ್ಬರಿಗೆ ಬೇಗ, ಇನ್ನೊಬ್ಬರಿಗೆ ನಿಧಾನ ಅನ್ನುವುದು ಬರೀ ಭ್ರಮೆ ಅಲ್ವಾ?

ಅಲ್ಲ. ಗಡಿಯಾರದ ಸಮಯ ನಾವೆಲ್ಲ ಸೇರಿ ಒಪ್ಪಿಕೊಂಡ ಲೆಕ್ಕ. ಈ ನಗರದ ಚರಿತ್ರೆಯಲ್ಲೇ ಅದು ಕಾಣುತ್ತದೆ. 1906ರ ಜನವರಿ 1ರಿಂದ ದೇಶಕ್ಕೆಲ್ಲ ಒಂದೇ ಸಮಯ ಬಂತು. ಆದರೆ ಬಾಂಬೆ ತನ್ನ 'ಬಾಂಬೆ ಟೈಮ್' ಅನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಅದು ಭಾರತೀಯ ಸಮಯಕ್ಕಿಂತ 39 ನಿಮಿಷ ಹಿಂದೆ. 1955ರ ತನಕ ಅದು ಬಳಕೆಯಲ್ಲಿತ್ತು. ಹೀಗೆ ಲೆಕ್ಕದ ಸಮಯವನ್ನು ಸರಕಾರ ಬದಲಾಯಿಸಬಹುದು. ಮನಸ್ಸಿಗೆ ಅನ್ನಿಸುವ ಸಮಯ ಬೇರೆ. ಅದು ನಮ್ಮ ಗಮನ, ನೆನಪು, ಮೈಯ ಸ್ಥಿತಿ ಇವುಗಳ ಮೇಲೆ ನಿಂತಿದೆ. ಅದಕ್ಕೂ ಅದರದೇ ಆದ ನಿಯಮಗಳಿವೆ, ಅವನ್ನು ಅಳೆದು ನೋಡಿದವರಿದ್ದಾರೆ.

ನಮ್ಮ ತಲೆಯೊಳಗೆ ಗಡಿಯಾರ ಇದೆಯಾ?

ಬೆಳಕಿಗೆ ಕಣ್ಣಿದೆ, ಶಬ್ದಕ್ಕೆ ಕಿವಿ ಇದೆ. ಸಮಯಕ್ಕೆ ಅಂತ ಒಂದು ಇಂದ್ರಿಯ ಇಲ್ಲ. ಹಗಲು ರಾತ್ರಿಗೆ ತಕ್ಕ ಹಾಗೆ ನಿದ್ದೆ, ಎಚ್ಚರ ತರುವ ಒಂದು ಚಿಕ್ಕ ಭಾಗ ಮೆದುಳಿನಲ್ಲಿದೆ, ನಿಜ. ಆದರೆ 'ಹತ್ತು ನಿಮಿಷ ಆಯಿತು' ಅಂತ ಅನ್ನಿಸುವುದು ಅದರಿಂದಲ್ಲ. ಆ ಕೆಲಸವನ್ನು ಮೆದುಳಿನ ಹಲವು ಭಾಗಗಳು ಹಂಚಿಕೊಂಡಿವೆ. ಡೋಪಮಿನ್ ಎಂಬ ರಾಸಾಯನಿಕಕ್ಕೂ ಅದರಲ್ಲಿ ಪಾಲಿದೆ. ಡೋಪಮಿನ್ ಕಡಿಮೆಯಾಗುವ ಪಾರ್ಕಿನ್ಸನ್ ಕಾಯಿಲೆಯಲ್ಲಿ ಹೊತ್ತಿನ ಅಂದಾಜು ಕೂಡ ತಪ್ಪಬಹುದು.

ಮನಶ್ಶಾಸ್ತ್ರದವರು ಇದನ್ನು ವಿವರಿಸಲು ಒಂದು ಮಾದರಿ ಬಳಸುತ್ತಾರೆ. ಒಳಗೆ ಏನೋ ಒಂದು ಮಿಡಿಯುತ್ತಿರುತ್ತದೆ, ಆ ಮಿಡಿತಗಳ ಎಣಿಕೆಯಿಂದ ಹೊತ್ತಿನ ಅಂದಾಜು ಸಿಗುತ್ತದೆ ಅಂತ. ಡಾನ್ ಝಾಕೆ ಮತ್ತು ರಿಚರ್ಡ್ ಬ್ಲಾಕ್ ಎಂಬವರು ಅದಕ್ಕೆ 'ಗಮನ'ವನ್ನು ಸೇರಿಸಿದರು. ನಮ್ಮ ಉಡುಪಿ ಹೋಟೆಲಿನ ಗಲ್ಲಾ ನೆನಪಿಸಿಕೊಳ್ಳಿ. ಗಲ್ಲಾದಲ್ಲಿ ಕೂತವನು ಬಾಗಿಲನ್ನೇ ನೋಡುತ್ತಿದ್ದರೆ ಒಳಗೆ ಬಂದ ಒಬ್ಬೊಬ್ಬ ಗಿರಾಕಿಯೂ ಲೆಕ್ಕಕ್ಕೆ ಸಿಗುತ್ತಾನೆ. ಯಾರ ಜೊತೆಗೋ ಮಾತಿಗೆ ಬಿದ್ದರೆ ಹತ್ತು ಜನ ಬಂದರೂ ಆರೇ ಜನ ಬಂದ ಹಾಗೆ ಅನ್ನಿಸುತ್ತದೆ. ಹೊತ್ತಿನ ಎಣಿಕೆಯೂ ಹಾಗೇ ನಡೆಯುತ್ತದೆ ಅನ್ನುವುದು ಅವರ ವಾದ. ಗಮನ ಹೊತ್ತಿನ ಮೇಲೇ ಇದ್ದರೆ ಎಣಿಕೆ ಪೂರ್ತಿ ದಾಖಲಾಗುತ್ತದೆ, ಹೊತ್ತು ಉದ್ದ ಅನ್ನಿಸುತ್ತದೆ. ಗಮನ ಬೇರೆ ಕಡೆ ಇದ್ದರೆ ಎಣಿಕೆ ತಪ್ಪುತ್ತದೆ, ಹೊತ್ತು ಗಿಡ್ಡ ಅನ್ನಿಸುತ್ತದೆ.

ಬೇಸರ ಬಂದಾಗ ಮಾತ್ರ ಇಷ್ಟು ಕಷ್ಟ ಯಾಕೆ? ಸುಮ್ನೆ ಕೂತಿದ್ದರೆ ಆರಾಮ ಅಲ್ವಾ?

ಸುಮ್ಮನೆ ಕೂರುವುದು ಬೇರೆ, ಬೇಸರ ಬೇರೆ. ಸಂಜೆ ಮರೀನ್ ಡ್ರೈವ್‌ನ ಕಟ್ಟೆಯಲ್ಲಿ ಕೂತವರಿಗೆ ಯಾವ ಕೆಲಸವೂ ಇಲ್ಲ, ಆದರೂ ಬೇಸರವಿಲ್ಲ. ಮನಸ್ಸಿಗೆ ಏನೋ ಬೇಕು, ಎದುರಿಗಿರುವುದು ಯಾವುದೂ ಹಿಡಿಸುತ್ತಿಲ್ಲ, ಎದ್ದು ಹೋಗುವ ಹಾಗೂ ಇಲ್ಲ. ಬೇಸರ ಅಂದರೆ ಇದು. ಆಗ ಗಮನಕ್ಕೆ ಬೇರೆ ದಿಕ್ಕಿಲ್ಲದೆ ಹೊತ್ತಿನ ಮೇಲೇ ಬೀಳುತ್ತದೆ.

ಇದು ಎಷ್ಟು ಅಸಹನೀಯ ಅನ್ನುವುದಕ್ಕೆ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಪ್ರಯೋಗ ಇದೆ. 2014ರಲ್ಲಿ ಪ್ರಕಟವಾದದ್ದು. ಖಾಲಿ ಕೋಣೆಯಲ್ಲಿ ಒಬ್ಬೊಬ್ಬರನ್ನೇ 15 ನಿಮಿಷ ಕೂರಿಸಿದರು. ಫೋನ್ ಇಲ್ಲ, ಪುಸ್ತಕ ಇಲ್ಲ. ಒಂದು ಗುಂಡಿ ಮಾತ್ರ ಇತ್ತು, ಒತ್ತಿದರೆ ಸಣ್ಣ ಕರೆಂಟ್ ಶಾಕ್. ದುಡ್ಡು ಕೊಟ್ಟಾದರೂ ಆ ಶಾಕ್ ತಪ್ಪಿಸಿಕೊಳ್ಳುತ್ತೇವೆ ಅಂತ ಮೊದಲೇ ಹೇಳಿದ್ದವರು ಅವರು. ಆದರೂ 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ ಒಮ್ಮೆಯಾದರೂ ಗುಂಡಿ ಒತ್ತಿದರು. ಮನೆಯಲ್ಲಿ ಒಬ್ಬರೇ ಇರುವ ಅಜ್ಜನಿಗೆ "ಆರಾಮಾಗಿ ಕೂತಿರಿ, ನಿಮಗೇನು ಕಷ್ಟ" ಅನ್ನುವ ಮೊದಲು ಇದನ್ನು ನೆನಪಿಡಿ ಅಂತ ಕೇಳಿಕೊಳ್ಳುತ್ತೇನೆ.

ಪ್ಲಾಟ್‌ಫಾರ್ಮ್‌ನಲ್ಲಿ ಐದು ನಿಮಿಷ ಕಾಯುವುದು ಕಷ್ಟ. ಲೋಕಲ್‌ನಲ್ಲಿ ಅರ್ಧ ಗಂಟೆ ನಿಂತರೂ ಅಷ್ಟು ಅನ್ನಿಸುವುದಿಲ್ಲ. ಯಾಕೆ?

ಗಾಡಿಯೊಳಗೆ ಗಮನಕ್ಕೆ ಕೆಲಸ ಇದೆ. ಸ್ಟೇಷನ್ ಒಂದೊಂದಾಗಿ ಹೋಗುತ್ತದೆ, ಪಕ್ಕದವನ ಮೊಣಕೈ ತಪ್ಪಿಸಬೇಕು, ಯಾರು ಎಲ್ಲಿ ಇಳಿಯುತ್ತಾರೆ ಅಂತ ಕೇಳಿ ಸೀಟು ಹಿಡಿಯಬೇಕು. ಪ್ಲಾಟ್‌ಫಾರ್ಮ್‌ನಲ್ಲಿ ಅದೇನೂ ಇಲ್ಲ.

ಕಾಯುವಿಕೆಯ ಬಗ್ಗೆ ಡೇವಿಡ್ ಮೇಸ್ಟರ್ ಎಂಬವರು 1985ರಲ್ಲಿ ಬರೆದದ್ದು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಕೈಗೆ ಕೆಲಸವಿಲ್ಲದ ಹೊತ್ತು ಉದ್ದ. ಎಷ್ಟು ಹೊತ್ತು ಅಂತ ಗೊತ್ತಿಲ್ಲದೆ ಕಾಯುವುದು ಇನ್ನೂ ಉದ್ದ. ಕಾರಣ ಹೇಳದೆ ಕಾಯಿಸಿದರೆ ಮತ್ತೂ ಉದ್ದ. ಒಬ್ಬರೇ ಕಾಯುವುದಕ್ಕಿಂತ ಜೊತೆಯಲ್ಲಿ ಕಾಯುವುದು ಹಗುರ. ಇಂಡಿಕೇಟರ್‌ನಲ್ಲಿ ಎಷ್ಟು ನಿಮಿಷ ಅಂತ ಕಂಡರೆ ಗಾಡಿ ಬೇಗ ಬರುವುದಿಲ್ಲ, ಆದರೂ ಜೀವಕ್ಕೆ ಸಮಾಧಾನ. ಹಳಿ ರಿಪೇರಿಗೆ ಅಂತ ಗಾಡಿ ಕಡಿಮೆ ಮಾಡುವ 'ಮೆಗಾಬ್ಲಾಕ್' ಇರುವ ಭಾನುವಾರ ಎಲ್ಲರಿಗೂ ಇದು ಅನುಭವಕ್ಕೆ ಬಂದಿರುತ್ತದೆ.

ಊರಿಗೆ ಹೋಗುವವರಿಗೆ ಇನ್ನೂ ಒಳ್ಳೆ ಉದಾಹರಣೆ ಕೊಂಕಣ ರೈಲ್ವೆ. ರೋಹಾದಿಂದ ತೋಕೂರಿನವರೆಗೆ 741 ಕಿಲೋಮೀಟರ್, ಹೆಚ್ಚಿನ ಭಾಗ ಒಂದೇ ಹಳಿ. ಎದುರಿನ ಗಾಡಿಗೆ ದಾರಿ ಬಿಡಲು ಮತ್ಸ್ಯಗಂಧ ಎಕ್ಸ್‌ಪ್ರೆಸ್ ಯಾವುದೋ ಸಣ್ಣ ಸ್ಟೇಷನ್‌ನಲ್ಲಿ ನಿಲ್ಲುತ್ತದೆ. ರತ್ನಗಿರಿ ಹತ್ತಿರದ ಕರಬುಡೆ ಸುರಂಗ 6.5 ಕಿಲೋಮೀಟರ್ ಉದ್ದ ಇದೆ, ಅದನ್ನು ದಾಟುವಾಗ ಯಾರೂ ಗೊಣಗುವುದಿಲ್ಲ. ಕ್ರಾಸಿಂಗ್‌ಗೆ ಅಂತ ಗಾಡಿ ನಿಂತರೆ ಮಾತ್ರ ಇಡೀ ಬೋಗಿಗೆ ಚಡಪಡಿಕೆ ಶುರು. ಯಾರಾದರೂ "ಕ್ರಾಸಿಂಗ್, ಇನ್ನೊಂದು ಹತ್ತು ನಿಮಿಷ" ಅಂದರೆ ಸಾಕು, ಎಲ್ಲರೂ ಚಕ್ಕುಲಿ ಡಬ್ಬಿ ತೆಗೆಯುತ್ತಾರೆ. ಅಂದಾಜು ಸರಿ ಇರಬೇಕು ಅಂತೇನೂ ಇಲ್ಲ, ಹೇಳುವವರೊಬ್ಬರು ಬೇಕು ಅಷ್ಟೇ.

ಹೋಗುವ ದಾರಿ ಉದ್ದ, ಬರುವ ದಾರಿ ಗಿಡ್ಡ ಅನ್ನಿಸುತ್ತದೆ. ದಾರಿ ಪರಿಚಯ ಆಗಿರುತ್ತದೆ ಅಂತಲಾ?

ಮೊದಲು ಎಲ್ಲರೂ ಹಾಗೇ ಅಂದುಕೊಂಡಿದ್ದರು. 2011ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಇದನ್ನು ಪರೀಕ್ಷಿಸಿದರು. ಬೇರೆ ದಾರಿಯಲ್ಲಿ, ಆದರೆ ಅಷ್ಟೇ ದೂರ ವಾಪಸ್ ಬಂದವರಿಗೂ ಗಿಡ್ಡ ಅನ್ನಿಸಿತು. ಹಾಗಾಗಿ ಪರಿಚಯ ಒಂದೇ ಕಾರಣ ಅಲ್ಲ. ಹೋಗುವಾಗ 'ಬೇಗ ತಲುಪುತ್ತೇವೆ' ಅಂತ ಅಂದಾಜು ಮಾಡಿರುತ್ತೇವೆ, ಅದು ಸುಳ್ಳಾಗುತ್ತದೆ. ಬರುವಾಗ 'ತುಂಬಾ ಹೊತ್ತು ಹಿಡಿಯುತ್ತದೆ' ಅಂತ ತಯಾರಾಗಿ ಕೂತಿರುತ್ತೇವೆ. ಆಗ ಅಷ್ಟೇ ಹೊತ್ತು ಕಡಿಮೆ ಅನ್ನಿಸುತ್ತದೆ.

ಇಷ್ಟದ ಕೆಲಸದಲ್ಲಿ ಮುಳುಗಿದರೆ ಹೊತ್ತು ಮಾಯ ಆಗುತ್ತದಲ್ಲ, ಅದೇನು?

ಹಂಗೇರಿ ಮೂಲದ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ 1970ರ ದಶಕದಿಂದ ಇದನ್ನೇ ಅಧ್ಯಯನ ಮಾಡಿದರು. ಚೆಸ್ ಆಡುವವರು, ಬಂಡೆ ಹತ್ತುವವರು, ಕುಣಿಯುವವರು, ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರರು, ಹೀಗೆ ಬೇರೆ ಬೇರೆಯವರನ್ನು ಮಾತಾಡಿಸಿದರು. ಎಲ್ಲರೂ ಹೇಳಿದ್ದು ಹೆಚ್ಚುಕಡಿಮೆ ಒಂದೇ. ಕೆಲಸ ತೀರಾ ಸುಲಭ ಇರಬಾರದು, ಅಳತೆ ಮೀರಿ ಕಷ್ಟವೂ ಇರಬಾರದು. ಏನು ಮಾಡಬೇಕು ಅನ್ನುವುದು ಸ್ಪಷ್ಟ ಇರಬೇಕು. ಮಾಡಿದ್ದು ಸರಿಯಾಯಿತಾ ಅಂತ ಕೂಡಲೇ ಗೊತ್ತಾಗಬೇಕು. ಆಗ ಗಮನವೆಲ್ಲ ಕೆಲಸಕ್ಕೇ ಹೋಗುತ್ತದೆ, ಹೊತ್ತು ಎಣಿಸಲು ಉಳಿಯುವುದೇ ಇಲ್ಲ.

ನನಗೆ ಇದರಲ್ಲಿ ತುಂಬಾ ಇಷ್ಟವಾದ ಸಂಗತಿ ಬೇರೆ ಇದೆ. ಮುಂಬೈಯಲ್ಲಿ ಯಕ್ಷಗಾನ ಆಡಿದರೆ ಹೆಚ್ಚಾಗಿ ಮೂರು ನಾಲ್ಕು ಗಂಟೆಯ ಕಾಲಮಿತಿ ಆಟ. ಚೆಂಡೆ ಬಾರಿಸುವವರನ್ನು ಆಟ ಮುಗಿದ ಮೇಲೆ ಎಷ್ಟು ಹೊತ್ತಾಯಿತು ಅಂತ ಕೇಳಿ ನೋಡಿ. ಗಂಟೆಯ ಅಂದಾಜು ತಪ್ಪಬಹುದು. ಆದರೆ ಇಡೀ ಆಟದಲ್ಲಿ ಅವರ ತಾಳ ಕೂದಲೆಳೆಯಷ್ಟೂ ತಪ್ಪಿರುವುದಿಲ್ಲ! ಒಂದು ಸೆಕೆಂಡಿಗಿಂತ ಕಡಿಮೆಯ ಅಳತೆಯಲ್ಲಿ ಮೆದುಳಿನ ಹಿಂಭಾಗದ ಕಿರುಮೆದುಳಿಗೆ ಮುಖ್ಯ ಪಾತ್ರವಿದೆ. ಅದಕ್ಕೆ ಪ್ರಜ್ಞೆಯಿಂದ ಎಣಿಸಬೇಕಾಗಿಲ್ಲ. ನಿಮಿಷ, ಗಂಟೆಗಳ ಅಂದಾಜಿಗೆ ಗಮನ, ನೆನಪು ಎರಡೂ ಬೇಕು. ಹಾಗಾಗಿ ಗಂಟೆ ಕಳೆದುಕೊಂಡವರೂ ತಾಳ ಕಳೆದುಕೊಳ್ಳುವುದಿಲ್ಲ.

ಗಡಿಯಾರ ನೋಡುತ್ತಾ ಇದ್ದರೆ ಹೊತ್ತು ಬೇಗ ಹೋಗುತ್ತದಾ?

ಇಲ್ಲ. ರಾತ್ರಿ ಪಾಳಿಯ ವಾಚ್‌ಮನ್‌ಗಳನ್ನು ಕೇಳಿ. ಪ್ರತಿ ಸಲ ನೋಡಿದಾಗಲೂ ಗಮನ ಮತ್ತೆ ಹೊತ್ತಿನ ಮೇಲೆ ಬೀಳುತ್ತದೆ. ಗಡಿಯಾರವನ್ನು ಬೆನ್ನ ಹಿಂದಿನ ಗೋಡೆಗೆ ಹಾಕಿದರೆ ಒಳ್ಳೆಯದು.

ಜ್ವರ ಬಂದಾಗ ರಾತ್ರಿ ಮುಗಿಯುವುದೇ ಇಲ್ಲ. ಅದೂ ಬೇಸರವಾ?

ಪೂರ್ತಿ ಬೇಸರ ಅಲ್ಲ, ಮೈ ಬಿಸಿಗೂ ಸಂಬಂಧ ಇದೆ. 1930ರ ದಶಕದಲ್ಲಿ ಹಡ್ಸನ್ ಹೋಗ್ಲಂಡ್ ಎಂಬ ವಿಜ್ಞಾನಿಯ ಹೆಂಡತಿಗೆ ಫ್ಲೂ ಬಂದಿತ್ತು. ಅವರು ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದರೆ "ಎಷ್ಟು ಹೊತ್ತು ಹೋಗಿದ್ದಿರಿ" ಅಂತ ಆಕೆ ಕೇಳಿದರಂತೆ. ಅವರು ಆಕೆಗೆ ಮನಸ್ಸಿನಲ್ಲೇ 60 ಸೆಕೆಂಡ್ ಎಣಿಸಲು ಹೇಳಿ, ಜ್ವರದ ಜೊತೆ ಹೋಲಿಸಿ ಬರೆದಿಟ್ಟರು. ಜ್ವರ ಏರಿದಷ್ಟೂ ಆಕೆಯ 'ನಿಮಿಷ' ಬೇಗ ಮುಗಿಯುತ್ತಿತ್ತು. ಅಂದರೆ ಒಳಗಿನ ಎಣಿಕೆ ವೇಗವಾಗಿತ್ತು, ಅದಕ್ಕೇ ಹೊರಗಿನ ಹೊತ್ತು ನಿಧಾನ ಅನ್ನಿಸಿತು.

ಗಾಡಿಯಿಂದ ಬೀಳುವಾಗ, ಅಪಘಾತದಲ್ಲಿ, ಎಲ್ಲ ನಿಧಾನವಾಗಿ ನಡೆದ ಹಾಗೆ ಇತ್ತು ಅನ್ನುತ್ತಾರೆ. ನಿಜವಾ?

ಅವರಿಗೆ ಹಾಗೆ ಅನ್ನಿಸಿದ್ದು ನಿಜ. ಆ ಕ್ಷಣದಲ್ಲಿ ಮೆದುಳು ಜಾಸ್ತಿ ವೇಗವಾಗಿ ನೋಡುತ್ತದೆ ಅನ್ನುವುದಕ್ಕೆ ಮಾತ್ರ ಆಧಾರ ಸಿಗಲಿಲ್ಲ. ಮೆದುಳಿನ ವಿಜ್ಞಾನಿ ಡೇವಿಡ್ ಈಗಲ್‌ಮನ್ ಮತ್ತು ಜೊತೆಗಾರರು ಜನರನ್ನು 31 ಮೀಟರ್ ಎತ್ತರದಿಂದ ಬೆನ್ನು ಕೆಳಗಾಗಿ ಬಲೆಗೆ ಬೀಳಿಸಿ ಪರೀಕ್ಷಿಸಿದರು, 2007ರಲ್ಲಿ ಪ್ರಕಟಿಸಿದರು. ಬಿದ್ದವರು ಬೇರೆಯವರು ಬಿದ್ದ ಹೊತ್ತಿಗಿಂತ ತಾವು ಬಿದ್ದ ಹೊತ್ತು ಸರಾಸರಿ 36 ಶೇಕಡಾ ಜಾಸ್ತಿ ಅಂದರು. ಕೈಗೆ ಕಟ್ಟಿದ್ದ ಪರದೆಯಲ್ಲಿ ವೇಗವಾಗಿ ಮಿನುಗುವ ಅಂಕಿಗಳನ್ನು ಓದಲು ಮಾತ್ರ ಅವರಿಂದ ಆಗಲಿಲ್ಲ. ಹೆದರಿದಾಗ ನೆನಪು ದಟ್ಟವಾಗಿ ಅಚ್ಚಾಗುತ್ತದೆ, ಆಮೇಲೆ ನೆನೆಸಿಕೊಂಡಾಗ ಅದು ಉದ್ದ ಕಾಣುತ್ತದೆ ಅನ್ನುವುದು ಅವರ ವಿವರಣೆ.

ಹಾಗಾದರೆ ಬೇಸರದ ದಿನಗಳು ನೆನಪಿನಲ್ಲೂ ಉದ್ದ ಇರಬೇಕಲ್ಲ?

ಇಲ್ಲ! ಈ ಇಡೀ ವಿಷಯದ ಜೀವಾಳ ಇದು. ಹೊತ್ತನ್ನು ನಾವು ಎರಡು ರೀತಿ ಅಳೆಯುತ್ತೇವೆ. ಹೊತ್ತು ಹೋಗುತ್ತಿರುವಾಗ ಅಳೆಯುವುದು ಗಮನದಿಂದ. ಹೋದ ಮೇಲೆ ಅಳೆಯುವುದು ನೆನಪಿನಿಂದ. ಎರಡರ ಉತ್ತರ ಎಷ್ಟೋ ಸಲ ಪೂರ್ತಿ ಉಲ್ಟಾ ಬರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಇದನ್ನು ಗುರುತಿಸಿದ್ದರು. ಬಗೆಬಗೆಯ ಅನುಭವ ತುಂಬಿದ ದಿನ ಕಳೆಯುವಾಗ ಗಿಡ್ಡ, ನೆನೆದಾಗ ಉದ್ದ. ಖಾಲಿ ದಿನ ಕಳೆಯುವಾಗ ಉದ್ದ, ನೆನೆದಾಗ ಗಿಡ್ಡ.

ಊರಿನಲ್ಲಿ ಒಂದು ಮದುವೆಗೆ ಅಂತ ನಾಲ್ಕು ದಿನ ಹೋಗಿ ಬನ್ನಿ. ಅಲ್ಲಿದ್ದಾಗ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಗಿಯುತ್ತದೆ. ವಾಪಸ್ ಬಂದು ಅಂಧೇರಿ ಆಫೀಸಿನಲ್ಲಿ ಕೂತರೆ, ಊರಿಗೆ ಹೋಗಿ ತಿಂಗಳಾದ ಹಾಗೆ ಅನ್ನಿಸುತ್ತದೆ. 2020ರ ಮಾರ್ಚ್ 25ಕ್ಕೆ ಶುರುವಾದ ಲಾಕ್‌ಡೌನ್ ನೆನಪು ಮಾಡಿಕೊಳ್ಳಿ. ಒಂದೊಂದು ಮಧ್ಯಾಹ್ನವೂ ಎಷ್ಟು ಉದ್ದ ಇತ್ತು! ಈಗ ಆ ತಿಂಗಳುಗಳನ್ನು ಬೇರೆ ಬೇರೆ ಮಾಡಿ ಹೇಳಲು ಬರುತ್ತದಾ? ಮೇ ಯಾವುದು, ಜೂನ್ ಯಾವುದು?

ಇದರ ತುತ್ತತುದಿಗೆ ಹೋಗಿ ನೋಡಿದವರು ಫ್ರಾನ್ಸಿನ ಮಿಶೆಲ್ ಸಿಫ್ರ್. 1962ರಲ್ಲಿ, 23ನೇ ವಯಸ್ಸಿನಲ್ಲಿ, ಆಲ್ಪ್ಸ್ ಪರ್ವತದ ಗುಹೆಯೊಂದರೊಳಗೆ ಗಡಿಯಾರ ಇಲ್ಲದೆ, ಬಿಸಿಲು ಕಾಣದೆ ಸುಮಾರು 2 ತಿಂಗಳು ಒಬ್ಬರೇ ಇದ್ದರು. ಸೆಪ್ಟೆಂಬರ್ 14ರಂದು ಅವರನ್ನು ಹೊರಗೆ ಕರೆತಂದರು. ಅವರ ಲೆಕ್ಕದಲ್ಲಿ ಅದು ಆಗಸ್ಟ್ 20! 25 ದಿನ ಕಾಣೆಯಾಗಿತ್ತು. ಸೆಕೆಂಡಿಗೆ ಒಂದರಂತೆ 120ರವರೆಗೆ ಎಣಿಸಿ ಅಂದರೆ ಅವರು 5 ನಿಮಿಷ ತೆಗೆದುಕೊಂಡಿದ್ದರು. ಒಂದು ದಿನಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಇಲ್ಲದಿದ್ದರೆ ನೆನಪಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ವಯಸ್ಸಾದಂತೆ ವರ್ಷಗಳು ಓಡುತ್ತವೆ ಅನ್ನುವುದೂ ಇದೇನಾ?

ದೊಡ್ಡ ಪಾಲು ಇದೇ ಅಂತ ನನ್ನ ನಂಬಿಕೆ. 1877ರಲ್ಲಿ ಪಾಲ್ ಜಾನೆ ಎಂಬ ಫ್ರೆಂಚ್ ತತ್ವಜ್ಞಾನಿ ಒಂದು ಲೆಕ್ಕ ಹೇಳಿದ್ದರು. 10 ವರ್ಷದ ಮಗುವಿಗೆ ಒಂದು ವರ್ಷ ಅಂದರೆ ಬಾಳಿನ ಹತ್ತನೇ ಒಂದು ಪಾಲು, 50ರವರಿಗೆ ಐವತ್ತನೇ ಒಂದು ಪಾಲು. ಲೆಕ್ಕ ಸುಂದರವಾಗಿದೆ, ಆದರೆ ಯಾರೂ ಬಾಳನ್ನೆಲ್ಲ ಭಾಗಿಸಿ ವರ್ಷವನ್ನು ಅನುಭವಿಸುವುದಿಲ್ಲ. 2005ರಲ್ಲಿ ಜರ್ಮನಿಯ ಮಾರ್ಕ್ ವಿಟ್‌ಮನ್ ಮತ್ತು ಜೊತೆಗಾರ್ತಿ 14ರಿಂದ 94 ವಯಸ್ಸಿನ 499 ಜನರನ್ನು ಕೇಳಿದರು. ಕಳೆದ ವಾರ, ಕಳೆದ ತಿಂಗಳು ಹೇಗೆ ಹೋಯಿತು ಅಂದರೆ ಚಿಕ್ಕವರು, ದೊಡ್ಡವರಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಕಳೆದ 10 ವರ್ಷ ಅಂದಾಗ ಮಾತ್ರ ವಯಸ್ಸಿನ ಪ್ರಭಾವ ಕಂಡಿತು, ಅದೂ ದೊಡ್ಡದೇನಲ್ಲ.

ಚಿಕ್ಕವರಿದ್ದಾಗ ಎಲ್ಲವೂ ಮೊದಲ ಸಲ. ಊರು ಬಿಟ್ಟು ಮುಂಬೈಗೆ ಬಂದ ಮೊದಲ ವರ್ಷ ಯಾರನ್ನು ಕೇಳಿದರೂ ತಾಸುಗಟ್ಟಲೆ ಹೇಳುತ್ತಾರೆ. ಹಗಲು ಕ್ಯಾಂಟೀನ್ ಕೆಲಸ, ಸಂಜೆ ರಾತ್ರಿ ಶಾಲೆ, ಮಲಗಲು ಹೋಟೆಲಿನ ಬೆಂಚು, ಮೊದಲ ಮಳೆಗಾಲ. ಮುಂಬೈಗೆ ಬಂದ ಮೇಲಿನ ಹದಿನಾರನೇ ವರ್ಷ ಹೇಗಿತ್ತು ಅಂತ ಕೇಳಿ. ಒಂದು ವಾಕ್ಯದಲ್ಲಿ ಮುಗಿಯುತ್ತದೆ.

ಮೊಬೈಲ್ ಹಿಡಿದು ಕೂತರೆ ಹೊತ್ತು ಹೋಗುತ್ತದೆ. ಅದರಲ್ಲಿ ತಪ್ಪೇನು?

ರೀಲ್ಸ್ ನೋಡುವಾಗ ಗಮನ ಅಲ್ಲೇ ಇರುತ್ತದೆ, ಹಾಗಾಗಿ ಗಂಟೆ ನಿಮಿಷದಂತೆ ಹೋಗುತ್ತದೆ. ಆಮೇಲೆ ನೆನಪಿನಲ್ಲೂ ಏನೂ ಉಳಿದಿರುವುದಿಲ್ಲ, ಹಾಗಾಗಿ ಹಿಂದೆ ನೋಡಿದರೂ ಗಿಡ್ಡ. ಎರಡೂ ಅಳತೆಯಲ್ಲಿ ನಷ್ಟ. ನನಗೆ ಇದು ಬೇಸರಕ್ಕಿಂತ ಹೆಚ್ಚು ಚಿಂತೆಯ ವಿಷಯ. ಬೇಸರ ಬಂದರೆ ಮನುಷ್ಯ ಎದ್ದು ಏನಾದರೂ ಮಾಡುತ್ತಾನೆ. ಫೋನ್ ಆ ಎಬ್ಬಿಸುವಿಕೆಯನ್ನೇ ಇಲ್ಲವಾಗಿಸುತ್ತದೆ. ರಜೆಯಲ್ಲಿ ಮಕ್ಕಳು "ಬೋರ್ ಆಗ್ತಿದೆ" ಅಂದ ಕೂಡಲೇ ಫೋನ್ ಕೊಡಬೇಡಿ. ಸ್ವಲ್ಪ ಹೊತ್ತು ಬಿಡಿ, ಅವರೇ ಏನೋ ಒಂದು ಹುಡುಕುತ್ತಾರೆ.

ಅಪ್ಪ ಅಮ್ಮ ಊರಿಂದ ಬಂದು ನಮ್ಮ ಜೊತೆ ಫ್ಲಾಟ್‌ನಲ್ಲಿದ್ದಾರೆ. "ಹೊತ್ತು ಹೋಗಲ್ಲ" ಅನ್ನುತ್ತಾರೆ. ಟಿವಿ ಇದೆ, ಎಲ್ಲ ಇದೆ. ಏನು ಮಾಡಬೇಕು?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ಮೇಲೆ ಹೇಳಿದ್ದೆಲ್ಲ ಈ ಒಂದು ಮನೆಯಲ್ಲಿ ಒಟ್ಟಿಗೆ ನಡೆಯುತ್ತಿದೆ ಅನ್ನುವುದನ್ನು ಮೊದಲು ನೋಡಿ. ಊರಿನಲ್ಲಿ ಅಮ್ಮನ ದಿನಕ್ಕೆ ಗುರುತುಗಳಿದ್ದವು. ಹಾಲು ಕರೆಯುವುದು, ಹೂ ಕೊಯ್ಯುವುದು, ಮೀನಿನವಳು, ಪಕ್ಕದ ಮನೆಯವರು. ಡೊಂಬಿವಲಿಯ ಏಳನೇ ಮಾಳಿಗೆಯಲ್ಲಿ ನೀವು ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿದು ಹೋದ ಮೇಲೆ ರಾತ್ರಿಯವರೆಗೆ ಒಂದೇ ತುಂಡು. ನೀವು ಎಷ್ಟು ಹೊತ್ತಿಗೆ ಬರುತ್ತೀರಿ ಅನ್ನುವುದೂ ಗೊತ್ತಿಲ್ಲ. ಅಂದರೆ ಕೆಲಸ ಇಲ್ಲ, ಜೊತೆ ಇಲ್ಲ, ಎಷ್ಟು ಹೊತ್ತು ಕಾಯಬೇಕು ಅನ್ನುವುದೂ ತಿಳಿದಿಲ್ಲ. ಮೇಸ್ಟರ್ ಹೇಳಿದ ಎಲ್ಲ ಕಷ್ಟವೂ ಅಲ್ಲಿದೆ. ಟಿವಿ ಓಡುತ್ತಿರುತ್ತದೆ, ಆದರೆ ಗಮನ ಅದರಲ್ಲಿ ಇರುವುದಿಲ್ಲ.

ಅವರಿಗೆ ಬೇಕಿರುವುದು ಕೆಲಸ, ಬರೀ ಹೊತ್ತು ಕಳೆಯುವ ದಾರಿ ಅಲ್ಲ. ಅವರಿಲ್ಲದಿದ್ದರೆ ನಡೆಯದು ಅನ್ನುವಂಥ ಏನಾದರೂ ಒಂದು. ಅಡುಗೆ ಪೂರ್ತಿ ಬೇಡ, ಸಂಜೆಯ ತಿಂಡಿ ಮಾತ್ರ ಅವರದ್ದಾಗಲಿ. ತರಕಾರಿ ಅವರೇ ಆರಿಸಿ ತರಲಿ. ಮರಾಠಿ ಬರುವುದಿಲ್ಲ ಅಂತ ತಡೆಯಬೇಡಿ, ಭಾಜಿವಾಲನ ಜೊತೆ ಚೌಕಾಸಿ ಮಾಡುತ್ತಲೇ ಎಷ್ಟೋ ಜನ ಕಲಿತಿದ್ದಾರೆ. ಮೊಮ್ಮಗಳಿಗೆ ಕನ್ನಡ ಅಕ್ಷರ ಕಲಿಸುವ ಜವಾಬ್ದಾರಿ ಕೊಡಿ. ಅದರಲ್ಲಿ ಗುರಿ ಇದೆ, ದಿನ ದಿನದ ಫಲ ಕಾಣುತ್ತದೆ.

ಆಮೇಲೆ ವಾರಕ್ಕೆ ಆಕಾರ ಕೊಡಿ. ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ ಇದೆ, ಮಾಹೀಮಿನಲ್ಲಿ ಕರ್ನಾಟಕ ಸಂಘ ಇದೆ, ಕುರ್ಲಾದಲ್ಲಿ ಬಂಟರ ಸಂಘ ಇದೆ. ಉಪನಗರಗಳಲ್ಲೂ ಭಜನಾ ಮಂಡಳಿ, ಮಹಿಳಾ ವಿಭಾಗ ಅಂತ ಏನಾದರೂ ಇರುತ್ತದೆ. ಮೊದಲ ಸಲ ನೀವೇ ಜೊತೆಗೆ ಹೋಗಿ ಕೂತು ಬನ್ನಿ, ವಿಳಾಸ ಮಾತ್ರ ಕೊಟ್ಟರೆ ಅವರು ಹೋಗುವುದಿಲ್ಲ. ಮಂಗಳವಾರ ಭಜನೆ ಅಂತ ಒಂದು ಇದ್ದರೆ ಸೋಮವಾರಕ್ಕೆ ಕಾಯಲು ಒಂದು ಕಾರಣ ಸಿಗುತ್ತದೆ, ಬುಧವಾರಕ್ಕೆ ಹೇಳಲು ಮಾತು ಸಿಗುತ್ತದೆ.

ಇನ್ನೊಂದು ಚಿಕ್ಕ ವಿಷಯ, ಖರ್ಚಿಲ್ಲದ್ದು. ದಾದರ್ ಬಿಟ್ಟ ಕೂಡಲೇ ಒಂದು ಫೋನ್ ಮಾಡಿ. "ಹೊರಟೆ, ಒಂದು ಗಂಟೆಯಲ್ಲಿ ಮನೆ." ಅವರ ಸಂಜೆ ಅರ್ಧದಷ್ಟು ಹಗುರವಾಗುತ್ತದೆ.

ಹೊತ್ತು ಹೋಗದಿರುವುದು ಯಾವಾಗ ಕಾಯಿಲೆಯ ಲಕ್ಷಣ?

ಖಿನ್ನತೆಯಲ್ಲಿ ಹೊತ್ತು ತೆವಳುತ್ತದೆ ಅಂತ ರೋಗಿಗಳೇ ಹೇಳುತ್ತಾರೆ. ಮೊದಲು ಇಷ್ಟವಿದ್ದ ಕೆಲಸವೂ ಬೇಡ, ನಿದ್ದೆ ಊಟ ಸರಿ ಇಲ್ಲ, ಮಾತು ಕಡಿಮೆಯಾಗಿದೆ, ಇದು ಎರಡು ವಾರ ದಾಟಿದೆ ಅಂದರೆ ಬೇಸರ ಅಂತ ತಳ್ಳಿಹಾಕಬೇಡಿ. ಡಾಕ್ಟರಿಗೆ ತೋರಿಸಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಇದನ್ನೆಲ್ಲ ಮನೆಯಲ್ಲೇ ಪರೀಕ್ಷಿಸಬಹುದಾ?

ಖಂಡಿತ. ಒಬ್ಬರಿಗೆ ಕಣ್ಣು ಮುಚ್ಚಿ ಸುಮ್ಮನೆ ಕೂರಲು ಹೇಳಿ, ಎರಡು ನಿಮಿಷ ಆಯಿತು ಅನ್ನಿಸಿದಾಗ ಕೈ ಎತ್ತಲಿ. ಆಮೇಲೆ ಅವರೇ ಪತ್ರಿಕೆಯಲ್ಲಿ 'ಕ' ಅಕ್ಷರ ಹುಡುಕಿ ಗೆರೆ ಎಳೆಯುತ್ತಾ ಅದನ್ನೇ ಮಾಡಲಿ. ಎರಡನೇ ಸಲ ಕೈ ತಡವಾಗಿ ಏಳುವ ಸಾಧ್ಯತೆ ಹೆಚ್ಚು. ನೆನಪಿನ ಅಳತೆ ನೋಡಬೇಕಾದರೆ ಮೊದಲೇ ಏನೂ ಹೇಳಬಾರದು. ಯಾವುದೋ ಕೆಲಸ ಮುಗಿದ ಮೇಲೆ ಥಟ್ಟನೆ "ಎಷ್ಟು ಹೊತ್ತಾಯಿತು ಅನ್ನಿಸುತ್ತದೆ?" ಅಂತ ಕೇಳಿ. ಒಬ್ಬರ ಮೇಲೆ ಇದನ್ನು ಒಂದೇ ಸಲ ಮಾಡಬಹುದು. ಒಮ್ಮೆ ಕೇಳಿದ ಮೇಲೆ ಮುಂದಿನ ಸಲ ಅವರು ಮೊದಲಿನಿಂದಲೇ ಹೊತ್ತು ಎಣಿಸಲು ಶುರು ಮಾಡುತ್ತಾರೆ, ಆಗ ಅದು ಮತ್ತೆ ಗಮನದ ಅಳತೆಯೇ ಆಗುತ್ತದೆ.